ಪಹಣಿಯ ಪರದೆಯನ್ನು ಜೋಡಿಸುವವರು ಯಾರು?

ಗುರುಗುಂಟಾ ಲಿಂಗಸುಗೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹಟ್ಟಿಯ ಚಿನ್ನದ ಗಣಿಗೆ ಹತ್ತಿರದ ಊರು. ಅಮರೇಶ್ವರನ ಗುಡಿಯಿಂದಾಗಿ ಸುತ್ತಲ ಜಿಲ್ಲೆಯವರಿಗೂ ಪರಿಚಿತ. ನಿಜಾಮರ ಕಾಲದಲ್ಲಿ ಇದೊಂದು ಸಂಸ್ಥಾನವಾಗಿತ್ತು. ಆ ಕಡೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಕೇಳಿದ ಮಾತುಕತೆ ಹೀಗಿತ್ತು.

‘ಒಂದು ಪಹಣಿ ತಗದು ಕೊಡಪ.’

‘ಸರ್ವೆ ನಂಬರ್ ಹೇಳ್ರಿ ತಾತ.’

‘ನಂಬರ್ ಯಾರಿಗೆ ನೆನಪದ? ಹುಣಸಿಗಿಡದ ಹೊಲ ಅಂತಾರ ನೋಡು.’

‘ಹುಣಸಿಗಿಡ ಇದ್ರಾಗ ಬರಂಗಿಲ್ಲ ತಾತ. ನಿಮ್ಮ ಹೆಸರೇನ್ರಿ?’

‘ಅಮರಪ್ಪ.’

ಹುಡುಗ ನಕ್ಕುಬಿಟ್ಟ. ಅಮರೇಶ್ವರನ ಸೀಮೆಯಲ್ಲಿ ಅಮರಪ್ಪ, ಅಮರೇಶ, ಅಮರೇಗೌಡ, ಅಮರಮ್ಮ ಇಲ್ಲದ ಊರಿಲ್ಲ. ಕೊನೆಗೆ ತಾತ ಚೀಲದಿಂದ ಹಳೆಯ ಕಂದಾಯದ ರಸೀದಿ ತೆಗೆದರು. ಅದರಲ್ಲಿ ನಂಬರ್ ಇತ್ತು. ಹುಡುಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದೊಂದೇ ಪೆಟ್ಟಿಗೆ ತುಂಬಿ, ಸರ್ವೆ ನಂಬರ್ ಒತ್ತಿದ. ಆಮೇಲೆ ‘ಸರ್ನಾಕ್’ ಎಂಬ ಇನ್ನೊಂದು ಪೆಟ್ಟಿಗೆ ತೆರೆಯಿತು. ಅವನು ಯೋಚಿಸದೆ ನಕ್ಷತ್ರದ ಚಿಹ್ನೆಯನ್ನು ಆರಿಸಿದ. ಸರ್ನಾಕ್ ಅಂದರೇನು ಎಂದು ಕೇಳಿದೆ. ‘ಗೊತ್ತಿಲ್ಲ್ರಿ ಸರ್, ಚುಕ್ಕಿ ಒತ್ತಿದ್ರ ಮುಂದಕ್ಕ ಹೋಗ್ತದ’ ಎಂದ.

ಇಲ್ಲಿ ಯಂತ್ರ ಕೆಟ್ಟಿರಲಿಲ್ಲ. ತಂತ್ರಾಂಶದಲ್ಲಿ ದೋಷವಿರಲಿಲ್ಲ. ಪಹಣಿಯೂ ಸರಿಯಾಗಿಯೇ ಬಂತು. ಆದರೆ ತಾತನ ತಲೆಯಲ್ಲಿ ಹೊಲ ಕುಳಿತಿರುವ ಕ್ರಮ ಬೇರೆ, ಗಣಕಯಂತ್ರದಲ್ಲಿ ಅದು ಕುಳಿತಿರುವ ಕ್ರಮ ಬೇರೆ. ಇವೆರಡರ ನಡುವೆ ಹಾದಿ ಕಟ್ಟುವುದು ಒಂದು ಪ್ರತ್ಯೇಕ ಕೆಲಸ. ಆ ಕೆಲಸದವರಿಗೆ ಇಂದು ಎರಡು ಹೆಸರುಗಳಿವೆ. ಯಾವ ಮಾಹಿತಿ ಎಲ್ಲಿರಬೇಕು, ಅದಕ್ಕೆ ಏನೆಂದು ಹೆಸರಿಡಬೇಕು, ಯಾವ ದಾರಿಯಿಂದ ಅಲ್ಲಿಗೆ ಬರಬಹುದು ಎಂದು ನಿರ್ಧರಿಸುವವರು ಮಾಹಿತಿ ವಿನ್ಯಾಸಕರು, ಅಂದರೆ ಇನ್‌ಫರ್ಮೇಶನ್ ಆರ್ಕಿಟೆಕ್ಟ್‌ಗಳು. ಪರದೆಯ ಮೇಲೆ ಯಾವ ಗುಂಡಿ, ಯಾವ ಅಕ್ಷರ, ಎಷ್ಟು ದೊಡ್ಡದು, ಒತ್ತಿದರೆ ಏನಾಗಬೇಕು ಎಂದು ನೋಡುವವರು ಇಂಟರ್‌ಫೇಸ್ ವಿನ್ಯಾಸಕರು.

ಹಿಂದೊಮ್ಮೆ ಒಂದು ಶಿಕ್ಷಣ ಸಂಸ್ಥೆಯ ಜಾಲತಾಣ ಸಮಿತಿಯಲ್ಲಿ ನಾನೂ ಇದ್ದೆ. ಖರ್ಚಿನ ಪಟ್ಟಿಯಲ್ಲಿ ಸರ್ವರ್ ಇತ್ತು, ಪ್ರೋಗ್ರಾಮರ್ ಇದ್ದರು, ಚಿತ್ರ ಬಿಡಿಸುವವರಿದ್ದರು, ಉದ್ಘಾಟನೆಯ ಶಾಲು ಕೂಡ ಇತ್ತು. ಪುಟಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದು ಯಾರ ಕೆಲಸವೂ ಆಗಿರಲಿಲ್ಲ. ಕೊನೆಗೆ ನಾವೇ ಆಡಳಿತ ಕಚೇರಿಯ ವಿಭಾಗಗಳ ಕ್ರಮದಲ್ಲಿ ಜೋಡಿಸಿದೆವು. ಪರೀಕ್ಷಾ ಶುಲ್ಕದ ಕೊನೆಯ ದಿನ ‘ಲೆಕ್ಕಪತ್ರ ಶಾಖೆ’ಯ ಕೆಳಗೆ ಸೇರಿತು. ವಿದ್ಯಾರ್ಥಿಗಳಾರೂ ಅಲ್ಲಿ ಹುಡುಕಲಿಲ್ಲ. ಹಲವರು ದಂಡ ಕಟ್ಟಿದರು. ಅಂದು ‘ಇಷ್ಟಕ್ಕೂ ಒಬ್ಬ ಬೇರೆ ಮನುಷ್ಯ ಬೇಕೆ?’ ಎಂದು ಕೇಳಿದವರಲ್ಲಿ ನಾನೂ ಒಬ್ಬ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ, ಈ ವೃತ್ತಿಯ ಬೇರುಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇರುವುದು ತಿಳಿಯಿತು.

ಗಣಿತದ ಮೇಷ್ಟರು ಗ್ರಂಥಪಾಲಕರಾದದ್ದು

ಎಸ್. ಆರ್. ರಂಗನಾಥನ್ (1892–1972) ಗಣಿತದ ಅಧ್ಯಾಪಕರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಲು ತೊಡಗಿ, ಮುಂದೆ ಕೊಯಮತ್ತೂರು, ಮದರಾಸುಗಳಲ್ಲಿ ಕೆಲಸ ಮಾಡಿದರು. ಆ ವೇಳೆಗೆ ಮದರಾಸು ವಿಶ್ವವಿದ್ಯಾಲಯ ಗ್ರಂಥಪಾಲಕರ ಹುದ್ದೆಯೊಂದನ್ನು ಸೃಷ್ಟಿಸಿತು. ನೂರಾರು ಅರ್ಜಿಗಳು ಬಂದವು. ಆದರೆ ಗ್ರಂಥಾಲಯದ ಕೆಲಸದಲ್ಲಿ ತರಬೇತಿ ಪಡೆದವರು ಅವರಲ್ಲಿ ಯಾರೂ ಇರಲಿಲ್ಲ. ಹುದ್ದೆಗೆ ಆಯ್ಕೆಯಾದದ್ದು ಈ ಗಣಿತದ ಮೇಷ್ಟರು. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದ ಅವರಿಗೆ ಕೆಲವೇ ವಾರಗಳಲ್ಲಿ ಬೇಸರ ಹಿಡಿಯಿತು. ಮರಳಿ ಪಾಠಕ್ಕೆ ಕಳಿಸಿ ಎಂದು ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೆ ವಿಚಾರ ಮಾಡೋಣ ಎಂಬ ಒಪ್ಪಂದವಾಯಿತು. ಹೋಗಿ ಬಂದವರು ಮತ್ತೆ ಗಣಿತದ ಪಾಠಕ್ಕೆ ಮರಳಲಿಲ್ಲ.

ಲಂಡನ್ನಿನಲ್ಲಿ ಅವರನ್ನು ಕಾಡಿದ್ದು ವರ್ಗೀಕರಣದ ಸಮಸ್ಯೆ. ಆಗ ಪ್ರಚಲಿತವಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿ. ಅದೊಂದು ಮರವಿದ್ದಂತೆ: ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಪ್ರತಿ ಪುಸ್ತಕಕ್ಕೂ ಒಂದೇ ಎಲೆಯಲ್ಲಿ ಜಾಗ. ‘ರಾಯಚೂರು ಜಿಲ್ಲೆಯಲ್ಲಿ 1950ರ ದಶಕದ ಜೋಳದ ರೋಗಗಳು’ ಎಂಬ ಪುಸ್ತಕ ಬಂದರೆ ಅದನ್ನು ಜೋಳದ ರೆಂಬೆಗೆ ಕಟ್ಟಬೇಕೋ, ರೋಗದ ರೆಂಬೆಗೋ, ರಾಯಚೂರಿನದಕ್ಕೋ? ಒಂದಕ್ಕೆ ಕಟ್ಟಿದರೆ ಉಳಿದ ದಾರಿಗಳಲ್ಲಿ ಬರುವ ಓದುಗನಿಗೆ ಅದು ಸಿಗದು.

ಲಂಡನ್ನಿನ ಸೆಲ್ಫ್‌ರಿಜ್ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟಿಕೆಯನ್ನು ಅವರು ನೋಡಿದರು. ಕೆಲವೇ ಬಗೆಯ ಪಟ್ಟಿ, ತಿರುಪು, ನಟ್ಟುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಎಷ್ಟೋ ಆಟಿಕೆ ಮಾಡಬಹುದು. ವಿಷಯಗಳನ್ನೂ ಹಾಗೆಯೇ ಬಿಡಿಭಾಗಗಳಿಂದ ಕಟ್ಟಬಹುದಲ್ಲವೇ? 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ಈ ಯೋಚನೆಯ ಫಲ. ಬಿಡಿಭಾಗಗಳನ್ನು ದ್ವಿಬಿಂದುವಿನಿಂದ, ಅಂದರೆ ಕೋಲನ್ ಚಿಹ್ನೆಯಿಂದ, ಬೆಸೆಯುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಯಾವುದೇ ವಿಷಯವನ್ನು ಐದು ಮುಖಗಳಿಂದ ನೋಡಬಹುದು ಎಂದು ಅವರು ಮುಂದೆ ವಿವರಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಈ ಐದರಲ್ಲಿ ನಾಲ್ಕು ನಮ್ಮ ಭೌತವಿಜ್ಞಾನದ ಪಠ್ಯಪುಸ್ತಕದ ಮಾತುಗಳೇ ಎಂಬುದು ನನಗೆ ಸಂತೋಷ ಕೊಡುವ ಸಂಗತಿ.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದನ್ನು ಹೇಳುವುದು ಸುಲಭ. ಡ್ಯೂಯಿ ಮರ ಬೆಳೆಸಿದರು. ರಂಗನಾಥನ್ ಅಕ್ಷಗಳನ್ನು ಎಳೆದರು. ಪುಸ್ತಕವು ಐದು ಅಕ್ಷಗಳಿರುವ ಅವಕಾಶದಲ್ಲಿನ ಒಂದು ಬಿಂದು. ಪ್ರತಿ ಅಕ್ಷದ ಮೇಲೆ 10 ಪದಗಳಿದ್ದರೆ ಒಟ್ಟು 50 ಪದಗಳಿಂದ 1,00,000 ವಿಷಯಗಳನ್ನು ಗುರುತಿಸಬಹುದು. ಮರದಲ್ಲಾದರೆ ಅಷ್ಟೂ ಎಲೆಗಳನ್ನು ಮೊದಲೇ ಬರೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಅಕ್ಷದಿಂದ ಹೊರಟರೂ ಬಿಂದುವನ್ನು ಮುಟ್ಟಬಹುದು. ಕಪಾಟಿನಲ್ಲಿ ಪುಸ್ತಕ ಒಂದೇ ಕಡೆ ನಿಲ್ಲಬೇಕಾದ್ದರಿಂದ ಈ ಅನುಕೂಲ ಅಲ್ಲಿ ಪೂರ್ತಿ ಒದಗದು. ಗಣಕಯಂತ್ರದ ಸ್ಮೃತಿಗೆ ಅಂಥ ಕಟ್ಟುಪಾಡಿಲ್ಲ. ಇಂದು ಸೀರೆ ಮಾರುವ ಜಾಲತಾಣದಲ್ಲಿ ಬಣ್ಣ, ಬೆಲೆ, ನೂಲು, ಊರು ಎಂದು ಪಕ್ಕದಲ್ಲಿ ಗುರುತು ಹಾಕಿ ಹುಡುಕುತ್ತೀರಲ್ಲ, ಅದು ಮುಖ ವರ್ಗೀಕರಣವೇ.

ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಅವರ ನೇತೃತ್ವದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಲ್ಲಿ ಆರಂಭವಾಯಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಜಾಲವನ್ನು ಅವರು ಕಾಣಲಿಲ್ಲ. ಆದರೆ ಓದುಗನ ಸಮಯ ಉಳಿಸುವುದು ಗ್ರಂಥಾಲಯದ ಧರ್ಮ ಎಂದು 1931ರಲ್ಲೇ ಸಾರಿದ ಅವರು, ಪರೀಕ್ಷಾ ಶುಲ್ಕವನ್ನು ಲೆಕ್ಕಪತ್ರ ಶಾಖೆಯ ಕೆಳಗೆ ಇಟ್ಟ ನಮ್ಮ ಸಮಿತಿಯನ್ನು ಖಂಡಿತ ಒಪ್ಪುತ್ತಿರಲಿಲ್ಲ.

ಅಮೆರಿಕದಲ್ಲಿ ಈ ವೃತ್ತಿಯ ಹೆಸರನ್ನು ಬಳಕೆಗೆ ತಂದವರು ರಿಚರ್ಡ್ ಸಾಲ್ ವರ್ಮನ್ ಎಂಬ ಕಟ್ಟಡ ವಿನ್ಯಾಸಕರು, 1976ರ ಸುಮಾರಿಗೆ. 1998ರಲ್ಲಿ ಜಾಲತಾಣಗಳ ಮಾಹಿತಿ ವಿನ್ಯಾಸದ ಮೇಲೆ ಹೆಸರಾಂತ ಪುಸ್ತಕ ಬರೆದ ಲೂಯಿ ರೋಸೆನ್‌ಫೆಲ್ಡ್ ಮತ್ತು ಪೀಟರ್ ಮಾರ್‌ವಿಲ್ ಇಬ್ಬರೂ ಗ್ರಂಥಾಲಯ ವಿಜ್ಞಾನ ಓದಿದವರು. ಇದೇ ಕೆಲಸಕ್ಕೆಂದು ಅವರು ನಡೆಸುತ್ತಿದ್ದ ಕಂಪನಿ 2001ರಲ್ಲಿ, ಡಾಟ್‌ಕಾಮ್ ಉದ್ಯಮ ಕುಸಿದಾಗ ಮುಚ್ಚಿತು.

ವಿಮಾನದ ಹಿಡಿಕೆಯಿಂದ ಮೌಸ್‌ವರೆಗೆ

ಎರಡನೆಯ ವೃತ್ತಿಯ ತಾಯಿಬೇರು ಯುದ್ಧದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ವಿಮಾನಗಳು ನೆಲಕ್ಕಿಳಿದ ಮೇಲೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಚಾಲಕರು ರೆಕ್ಕೆಯ ಫ್ಲಾಪ್ ಎಳೆಯುವ ಬದಲು ಚಕ್ರವನ್ನು ಒಳಗೆಳೆಯುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ನೋಡಿದಾಗ ಎರಡೂ ಹಿಡಿಕೆಗಳು ಒಂದೇ ಬಗೆಯವು, ಅಕ್ಕಪಕ್ಕದಲ್ಲೇ ಇದ್ದವು. ಒಂದಕ್ಕೆ ಚಕ್ರದ ಆಕಾರದ ರಬ್ಬರ್, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಹಚ್ಚಿದ್ದೇ ತಡ, ಆ ತಪ್ಪು ನಿಂತಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ‘ಚಾಲಕನ ತಪ್ಪು’ ಎನಿಸಿಕೊಂಡ 460 ಪ್ರಸಂಗಗಳನ್ನು ಪರಿಶೀಲಿಸಿ, ಉಪಕರಣದ ವಿನ್ಯಾಸವೇ ಅನೇಕ ತಪ್ಪುಗಳನ್ನು ಮಾಡಿಸುತ್ತದೆ ಎಂದು ತೋರಿಸಿದರು.

ಇದೇ ಫಿಟ್ಸ್ 1954ರಲ್ಲಿ ಒಂದು ನಿಯಮ ಕೊಟ್ಟರು. ಕೈ ಗುರಿ ಮುಟ್ಟಲು ಬೇಕಾಗುವ ಸಮಯವು ದೂರ ಮತ್ತು ಗುರಿಯ ಅಗಲಗಳ ಅನುಪಾತದ ಲಾಗರಿದಮ್‌ನೊಡನೆ ಏರುತ್ತದೆ. ಚಿಕ್ಕ ಗುಂಡಿ ದೂರವಿದ್ದರೆ ಮೌಸ್ ತಡಕಾಡುವುದು ಇದರಿಂದಲೇ. ಎರಡು ವರ್ಷ ಮೊದಲು, 1952ರಲ್ಲಿ, ಕೇಂಬ್ರಿಜ್‌ನ ವಿಲಿಯಂ ಹಿಕ್ ಇನ್ನೊಂದು ನಿಯಮ ಕಂಡಿದ್ದರು: ಆಯ್ಕೆಗಳ ಸಂಖ್ಯೆಗೆ 1 ಕೂಡಿಸಿ, 2ರ ಆಧಾರದಲ್ಲಿ ಲಾಗರಿದಮ್ ತೆಗೆದರೆ ಆಯ್ಕೆಗೆ ಹಿಡಿಯುವ ಸಮಯವು ಅದಕ್ಕೆ ಅನುಗುಣವಾಗಿರುತ್ತದೆ.

ತರಗತಿಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ ನೋಡೋಣ. ಒಂದು ಕಚೇರಿಯ ಜಾಲತಾಣದಲ್ಲಿ 63 ಸೇವೆಗಳಿವೆ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕೊಟ್ಟರೆ, ಪಟ್ಟಿ ಚೆನ್ನಾಗಿ ರೂಢಿಯಾದ ಮನುಷ್ಯನಿಗೆ 64ರ ಲಾಗರಿದಮ್, ಅಂದರೆ 6 ಏಕಮಾನದಷ್ಟು ಕೆಲಸ. 7 ಶೀರ್ಷಿಕೆ ಮಾಡಿ ಒಂದೊಂದರ ಕೆಳಗೆ 9 ಸೇವೆ ಇಟ್ಟರೆ 8ರದು 3, 10ರದು ಸುಮಾರು 3.3, ಒಟ್ಟು 6.3. ಲಾಭವೇನೂ ಇಲ್ಲ, ತುಸು ನಷ್ಟವೇ! ಕಚೇರಿಯ ಗುಮಾಸ್ತರಿಗೆ ಯಾವ ಜೋಡಣೆಯಾದರೂ ನಡೆಯುವುದು ಇದಕ್ಕೇ.

ಹೊಸಬನ ಸ್ಥಿತಿ ಬೇರೆ. ಅವನು ಒಂದೊಂದೇ ಸಾಲು ಓದುತ್ತ ಹೋಗಬೇಕು. 63ರ ಪಟ್ಟಿಯಲ್ಲಿ ಸರಾಸರಿ 32 ಸಾಲು. ಶೀರ್ಷಿಕೆ ಮಾಡಿದ್ದರೆ 7ರಲ್ಲಿ ಸರಾಸರಿ 4, 9ರಲ್ಲಿ ಸರಾಸರಿ 5. ಒಟ್ಟು 9 ಸಾಲು. ಉಳಿತಾಯ 23 ಸಾಲು. ಆದರೆ ಇದು ಅವನು ಸರಿಯಾದ ಶೀರ್ಷಿಕೆಯನ್ನು ಮೊದಲ ಸಲವೇ ಹಿಡಿದರೆ ಮಾತ್ರ. ತಪ್ಪು ಶೀರ್ಷಿಕೆ ಹೊಕ್ಕರೆ ಅಲ್ಲಿನ 9 ಸಾಲನ್ನೂ ಓದಿ ಬರಿಗೈಲಿ ಹಿಂದಿರುಗಬೇಕು. ಮೂರು ಸಲ ತಪ್ಪಿದರೆ 27 ಸಾಲು ವ್ಯರ್ಥ. ಉಳಿತಾಯ ಕರಗಿ ಸಾಲವೇ ಮೇಲೆ ಬಂತು. ಹೀಗಾಗಿ ಶೀರ್ಷಿಕೆಗಳೆಷ್ಟು ಎಂಬುದಕ್ಕಿಂತ ಅವುಗಳ ಹೆಸರೇನು ಎಂಬುದು ಹೆಚ್ಚು ಮುಖ್ಯ. ಆ ಹೆಸರುಗಳನ್ನು ಹೊಸಬನಿಂದಲೇ ಕೇಳಿ ತಿಳಿಯಬೇಕು. ಕೋಡ್ ಬರೆಯುವವರಿಗೆ ಇದಕ್ಕೆ ವ್ಯವಧಾನವಿರುವುದಿಲ್ಲ; ಅದು ಅವರ ಕೆಲಸವೂ ಅಲ್ಲ.

ಭೂಮಿ ಯೋಜನೆ

ಮತ್ತೆ ಪಹಣಿಗೆ ಬರೋಣ. ‘ಪಾಹಣೀ’ ಎಂದರೆ ಮರಾಠಿಯಲ್ಲಿ ನೋಡುವುದು, ತಪಾಸಣೆ. ಹೊಲಕ್ಕೆ ಹೋಗಿ ಕಣ್ಣಾರೆ ಕಂಡು ಬರೆದದ್ದು ಪಹಣಿ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಲಿಂಗಸುಗೂರು ಸೀಮೆಯಲ್ಲಿ ಈ ದಾಖಲೆಗಳು ಪಟವಾರಿಯ ಕೈಯಲ್ಲಿದ್ದವು. ಹುಣಸಿಗಿಡದ ಹೊಲ ಯಾವ ಸರ್ವೆ ನಂಬರ್ ಎಂಬುದು ಪಟವಾರಿಗೆ ಬಾಯಿಪಾಠ. ಅಮರಪ್ಪಗಳಲ್ಲಿ ಇವನು ಯಾರ ಮಗ ಎಂಬುದೂ ಗೊತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಪಟವಾರಿಯೇ ಇಂಟರ್‌ಫೇಸ್. ಆದರೆ ಆ ಇಂಟರ್‌ಫೇಸಿಗೆ ಕೈಬೆಚ್ಚಗೆ ಮಾಡಬೇಕಿತ್ತು, ಅದು ಮನಸ್ಸು ಬಂದಾಗ ತಿದ್ದುಪಡಿಯನ್ನೂ ಮಾಡಬಲ್ಲದಾಗಿತ್ತು. ಅವರ ನಂತರ ಬಂದ ಗ್ರಾಮ ಲೆಕ್ಕಿಗರ ಕಾಲದಲ್ಲೂ ಪುಸ್ತಕ ಒಬ್ಬರದೇ ವಶದಲ್ಲಿತ್ತು.

ಕರ್ನಾಟಕ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಇದನ್ನು ಬದಲಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಮೊದಲ ಪ್ರಯೋಗ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. 2000ದ ದಶಕದ ಆರಂಭದ ಹೊತ್ತಿಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾಯಿತು.

ಮಾಹಿತಿ ವಿನ್ಯಾಸಕ ಎಂಬ ಹೆಸರಿನ ಹುದ್ದೆ ಈ ಕಥೆಯಲ್ಲಿ ಎಲ್ಲೂ ಕಾಣದು. ಆದರೂ ಆ ವೃತ್ತಿಯವರು ಮೆಚ್ಚುವ ಕೆಲವು ನಿರ್ಧಾರಗಳಾದವು. ಅಚ್ಚಾಗಿ ಬರುವ ಪಹಣಿಯಲ್ಲಿ ಹಳೆಯ ಕಾಲಂಗಳೇ ಉಳಿದವು. 9ರಲ್ಲಿ ಮಾಲೀಕ, 11ರಲ್ಲಿ ಸಾಲ ಮತ್ತು ಋಣ, 12ರಲ್ಲಿ ಸಾಗುವಳಿ. ಓದು ಬಾರದ ರೈತರೂ ‘ಹನ್ನೊಂದನೇ ಕಾಲಂನಾಗ ಬ್ಯಾಂಕಿನ ಸಾಲ ಕುಂತದ’ ಎಂದು ಹೇಳಬಲ್ಲರು. ಅವರಿಗೆ ಗೊತ್ತಿದ್ದ ಜಾಗಗಳನ್ನು ಕದಲಿಸದಿದ್ದುದು ದೊಡ್ಡ ವಿವೇಕ. ಕಿಟಕಿಯಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟರು. ಒಳಗಿನವರು ಏನು ಒತ್ತುತ್ತಿದ್ದಾರೆ ಎಂಬುದು ಹೊರಗಿನವರಿಗೂ ಕಾಣಬೇಕೆಂದು. ಮ್ಯುಟೇಶನ್ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಎಂಬ ಕ್ರಮವನ್ನು ತಂತ್ರಾಂಶದಲ್ಲೇ ಕಟ್ಟಿದರು. ಸಿಬ್ಬಂದಿ ಒಳಹೊಕ್ಕಾಗ ಬೆರಳಚ್ಚು ಕೊಡಬೇಕಿತ್ತು. ಎಲ್ಲೂ ಚಂದದ ಚಿತ್ರಗಳಿರಲಿಲ್ಲ. ಆದರೆ ಕಿಟಕಿಯ ಹೊರಗೆ ನಿಂತವನನ್ನು ಯಾರೋ ನೆನೆದಿದ್ದರು.

ಎಲ್ಲವೂ ಸರಿಹೋಗಲಿಲ್ಲ. ಹಳ್ಳಿಯಲ್ಲಿದ್ದ ದಾಖಲೆ ತಾಲ್ಲೂಕಿಗೆ ಹೋಯಿತು. ಗುರುಗುಂಟಾದವರು ಲಿಂಗಸುಗೂರಿಗೆ ಬಸ್ ಹತ್ತಬೇಕಾಯಿತು. ಹಳ್ಳಿಯ ಬಾಯಿಮಾತಿನ ತಿಳಿವಳಿಕೆ ಬದಿಗೆ ಸರಿದು, ದೊಡ್ಡ ಖರೀದಿದಾರರಿಗೆ ಇದು ಅನುಕೂಲವಾಯಿತೆಂದು ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಟೀಕಿಸಿದರು. ನೆಮ್ಮದಿ ಕೇಂದ್ರಗಳು, 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, ಮುಂದೆ ಅಂತರ್ಜಾಲ ಬಂದು ದಾಖಲೆ ಮತ್ತೆ ಹೋಬಳಿಗೆ, ಜೆರಾಕ್ಸ್ ಅಂಗಡಿಗೆ ಮರಳಿತು. ಮರಳುವಾಗ ಕಿಟಕಿಯ ಹಿಂದೆ ತರಬೇತಿ ಪಡೆದ ಸಿಬ್ಬಂದಿಯಿರಲಿಲ್ಲ. ಒಳಗಿನವರಿಗಾಗಿ ಹುಟ್ಟಿದ್ದ ‘ಸರ್ನಾಕ್’ ಮಾತ್ರ ಹಾಗೆಯೇ ಹೊರಬಂತು.

ರಂಗನಾಥನ್ ಅವರ ಕಣ್ಣಿನಿಂದ ನೋಡಿದರೆ ಪಹಣಿ ಸೊಗಸಾದ ಉದಾಹರಣೆ. ಮಾಲೀಕ, ಮಣ್ಣು ಮತ್ತು ಬೆಳೆ, ಸಾಗುವಳಿ, ಊರು ಮತ್ತು ನಂಬರ್, ವರ್ಷ: ಅವರ ಐದೂ ಮುಖಗಳು ಒಂದೇ ಹಾಳೆಯಲ್ಲಿವೆ. ಜಾಲತಾಣದ ಹೆದ್ದಾರಿ ಮಾತ್ರ ‘ದೇಶ’ ಎಂಬ ಒಂದೇ ಅಕ್ಷದ್ದು. ಮಾಲೀಕರ ಹೆಸರಿನಿಂದ ಹುಡುಕುವ ದಾರಿಯೂ ಇದೆ. ಅದು ತಾತನಿಗೆ ಏಕೆ ಒದಗಲಿಲ್ಲ? ಊರಿನಲ್ಲಿ 400 ಖಾತೆದಾರರಿದ್ದಾರೆಂದು ಊಹಿಸಿ. ಒಬ್ಬನನ್ನು ಬೇರ್ಪಡಿಸಲು ಸುಮಾರು 8.6 ಬಿಟ್ ಮಾಹಿತಿ ಬೇಕು. ಅವರಲ್ಲಿ 25 ಜನ ಅಮರಪ್ಪಗಳಿದ್ದರೆ ಆ ಹೆಸರು ಕೊಡುವುದು 4 ಬಿಟ್ ಮಾತ್ರ. ಉಳಿದ 4.6 ಬಿಟ್ ಬೇರೆ ಮುಖದಿಂದ ಬರಬೇಕು: ತಂದೆಯ ಹೆಸರು, ಎಷ್ಟು ಎಕರೆ, ಎರಿಯೋ ಮಸಾರಿಯೋ. ತಾತನಿಗೆ ಇವೆಲ್ಲ ಗೊತ್ತಿದ್ದವು. ಯಾರೂ ಕೇಳಲಿಲ್ಲ.

ಕೇಳುವವರನ್ನು ನೇಮಿಸಿಕೊಂಡಾಗ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಹುದ್ದೆಗಳು ಕಾಣತೊಡಗಿದ್ದು 2000ದ ಆಚೀಚೆ. 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ್ದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 2007ರ ಹೊತ್ತಿಗೆ ಬೆಂಗಳೂರಿನಲ್ಲೂ ಆವರಣ ತೆರೆಯಿತು. ಆದರೆ ನನಗೆ ಹೆಚ್ಚು ಪಾಠ ಕಲಿಸಿದ್ದು ಬೇರೊಂದು ಪ್ರಸಂಗ. 2005ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾಲಯ ಬೆಂಗಳೂರಿನಲ್ಲಿ ಆರಂಭವಾಯಿತು. ಅಲ್ಲಿ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ನಗರದ ಮನೆಗೆಲಸದ ಹೆಂಗಸರಿಗಾಗಿ, ಅಕ್ಷರವಿಲ್ಲದ ಪರದೆಯನ್ನು ರೂಪಿಸಿದರು. ಕೆಲಸ ಎಲ್ಲಿದೆ, ಏನು ಕೆಲಸ, ಸಂಬಳವೆಷ್ಟು ಎಂಬುದು ಚಿತ್ರ ಮತ್ತು ಧ್ವನಿಯಲ್ಲಿ. ವಿನ್ಯಾಸಕರು ಕೊಳೆಗೇರಿಗಳಿಗೆ ಹೋಗಿ, ಬರೆದ ಚಿತ್ರವನ್ನು ಹೆಂಗಸರಿಗೆ ತೋರಿಸಿ, ತಿದ್ದಿ, ಮತ್ತೆ ತೋರಿಸಿದರು. ನಲ್ಲಿಯ ಚಿತ್ರ ಬರೆದರೆ ಅದು ಬರೀ ವಸ್ತು; ಅದರಿಂದ ನೀರು ಬೀಳುವಂತೆ ಬರೆದಾಗಲೇ ‘ತೊಳೆಯುವುದು’ ಎಂಬ ಕ್ರಿಯೆ ತಿಳಿಯುತ್ತಿತ್ತು. ಈ ಕೆಲಸ 2006ರಲ್ಲಿ ಪ್ರಕಟವಾಯಿತು. ಮೇಜಿನ ಮುಂದೆ ಕುಳಿತು ಇದನ್ನು ಊಹಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಹಾಗಾದರೆ ಶಾಲೆಯೋ ಪಂಚಾಯಿತಿಯೋ ಜಾಲತಾಣ ಮಾಡಿಸುವಾಗ ಇಂಥವರನ್ನು ಹೇಗೆ ಆರಿಸಬೇಕು? ಚೆಂದದ ಪರದೆಗಳನ್ನು ತೋರಿಸುವವರು ಬಹಳ ಸಿಗುತ್ತಾರೆ. ಈ ಪರದೆ ಮೊದಲು ಹೇಗಿತ್ತು, ಯಾರಿಗೆ ತೋರಿಸಿದಿರಿ, ಅವರು ಎಲ್ಲಿ ಎಡವಿದರು, ನೀವು ಏನು ಬದಲಿಸಿದಿರಿ ಎಂದು ಕೇಳಬೇಕು. ಎಡವಿದ ಕಥೆಯಿಲ್ಲದವರು ಬಹುಶಃ ಯಾರಿಗೂ ತೋರಿಸಿಲ್ಲ. ಕೋಡ್ ಬರೆಯುವ ಮೊದಲೇ ಅವರನ್ನು ಕರೆಯಬೇಕು. ಸುಣ್ಣ ಬಳಿದ ಮೇಲೆ ಬಾಗಿಲು ಎಲ್ಲಿಡೋಣ ಎಂದು ಕೇಳಿದರೆ ಗೋಡೆ ಒಡೆಯಬೇಕಾಗುತ್ತದೆ. ಹಣವಿಲ್ಲದಿದ್ದರೆ ಗ್ರಂಥಾಲಯ ವಿಜ್ಞಾನ ಓದಿದ ಒಬ್ಬರನ್ನಾದರೂ ಸಮಿತಿಗೆ ಸೇರಿಸಿಕೊಳ್ಳಬಹುದು.

ಈ ವೃತ್ತಿಯವರ ಒಂದು ಪರೀಕ್ಷೆಗೆ ಖರ್ಚೇ ಇಲ್ಲ. ಒಂದೊಂದು ಸೇವೆಯ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ. ಚೀಟಿಗಳನ್ನು ಬಳಸುವವರ ಕೈಗೆ ಕೊಟ್ಟು, ಜೊತೆಗಿರಬೇಕಾದವನ್ನು ಗುಂಪು ಮಾಡಿ ಪ್ರತಿ ಗುಂಪಿಗೂ ಹೆಸರಿಡಲು ಹೇಳಿ. ನೀವು ಬಾಯಿ ಮುಚ್ಚಿ ನೋಡುತ್ತಿರಬೇಕು. ಅಧ್ಯಾಪಕರಿಗೆ ಇದೇ ಕಷ್ಟ. ನಾನು ಇದನ್ನು ಪದವಿ ವಿದ್ಯಾರ್ಥಿಗಳಿಂದ ಮಾಡಿಸಿದೆ. ಪಹಣಿಯ ಚೀಟಿ ‘ಕಂದಾಯ’ದ ಗುಂಪಿಗೆ ಹೋಗುತ್ತದೆಂದು ನನ್ನ ಎಣಿಕೆ. ಲಿಂಗಸುಗೂರು ಕಡೆಯ ಹುಡುಗಿಯೊಬ್ಬಳು ಅದನ್ನು ಬೆಳೆಸಾಲ ಮತ್ತು ವಿಮೆಯ ಚೀಟಿಗಳ ಜೊತೆ ಇಟ್ಟು, ಗುಂಪಿಗೆ ‘ಬ್ಯಾಂಕಿಗೆ ಹೋಗೋ ಮುಂದ’ ಎಂದು ಹೆಸರು ಬರೆದಳು. ಯಾಕಮ್ಮಾ ಎಂದೆ. ‘ನಮ್ಮಪ್ಪ ಪಹಣಿ ತಗಿಸೋದು ಅವಾಗ ಅಷ್ಟೇ ರೀ ಸರ್’ ಎಂದಳು.